"ಯಾವ್ ನೀರಪ್ಪ?": ಸಂತೇಪೇಟೆಯ ಒಂದು ಗಾಳದಂಗಡಿ

ಯಾವ ಮೀನಿಗೆ ಅಂತ ಕೇಳುತ್ತಾರೆ, ಕೊರವಕ್ಕೆ ಅನ್ನಬೇಕು ಅಂತ ಉತ್ತರ ಬಾಯಲ್ಲೇ ಇಟ್ಟುಕೊಂಡು ಮೆಟ್ಟಿಲು ಹತ್ತಿದ್ದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಅಮ್ಮ ಕನ್ನಡಕ ಮೇಲೆ ಸರಿಸಿ ಕೇಳಿದ್ದೇ ಬೇರೆ. "ಯಾವ್ ನೀರಪ್ಪ? ಕೆರೆ ನೀರೋ, ನಾಲೆ ನೀರೋ, ಹೊಳೆ ನೀರೋ?" ಕೆರೆ ಅಂದೆ. "ಜೊಂಡು ಐತಾ? ತಾವರೆ ಐತಾ? ಈಗ ಏಟು ಆಳ ಐತೆ?" ಅಂದರು. ಇಷ್ಟಕ್ಕೂ ಉತ್ತರ ಸಿಗುವವರೆಗೆ ಗಾಜಿನ ಪೆಟ್ಟಿಗೆಯ ಬೀಗ ತೆಗೆಯಲಿಲ್ಲ.

ಎರಡು ವರ್ಷದಿಂದ ಆ ಅಂಗಡಿಗೆ ಹೋಗಿ ಬರುತ್ತಿದ್ದೇನೆ. ನಮ್ಮ ಕಡೆ ಲೂರ್, ಅಂದರೆ ಗಾಳ ಕಟ್ಟಿದ ನಕಲಿ ಎರೆ, ಹಾಕಿ ಮೀನು ಹಿಡಿಯುವ ಹುಡುಗರು ಈಚೆಗೆ ಜಾಸ್ತಿ ಆಗಿದ್ದಾರೆ, ಎಲ್ಲಿ ತಗೊಂಡ್ರಿ, ಯಾವುದು ತಗೊಂಡ್ರಿ ಅಂತ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅಂತ ಕೂತಿದ್ದೇನೆ. ಅಂಗಡಿಗೆ ಬೋರ್ಡಿಲ್ಲ. ಅಮ್ಮ ತಮ್ಮ ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಮೈಸೂರಿನ ಸಂತೇಪೇಟೆಯಲ್ಲಿ ಹಗ್ಗ, ಟಾರ್ಪಾಲು, ಬಲೆ ಮಾರುವ ಅಂಗಡಿಗಳಲ್ಲಿ ಕೇಳುತ್ತಾ ಹೋದರೆ ಯಾರಾದರೂ ಕೈ ತೋರಿಸುತ್ತಾರೆ. ಬಾಗಿಲಲ್ಲಿ ನೀಲಿ ಬಲೆಯ ಸುರುಳಿಗಳು, ಒಳಗೆ ತಂಗೂಸಿ ದಾರದ ಉಂಡೆಗಳು, ಸೀಸದ ಗುಂಡು, ಬೆಂಡು. ಎಡಗಡೆ ಮೂಲೆಯಲ್ಲಿ ಎರಡಡಿ ಅಗಲದ ಗಾಜಿನ ಪೆಟ್ಟಿಗೆ. ಲೂರ್ ಇರುವುದು ಅದರಲ್ಲಿ ಮಾತ್ರ.

ನಾನು ಪಾಂಡವಪುರದಲ್ಲಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವವನು. ಕರೆಂಟು ಇದ್ದಾಗ ಕೆಲಸ, ಇಲ್ಲದಾಗ ಕೆರೆ ಏರಿ. ಚಿಕ್ಕಂದಿನಲ್ಲಿ ಬಿದಿರು ಕಡ್ಡಿಗೆ ದಾರ ಕಟ್ಟಿ, ಎರೆಹುಳ ಚುಚ್ಚಿ ಜಿಲೇಬಿ ಮೀನು ಹಿಡಿದವನು. ಲೂರ್ ಕಡೆ ಬಂದದ್ದು ತಡವಾಗಿ. ಹುಳ ಬೇಡ, ಹಿಟ್ಟು ಬೇಡ, ರಬ್ಬರಿನ ಕಪ್ಪೆಯನ್ನೋ ತಗಡಿನ ಚಮಚವನ್ನೋ ಎಸೆದು ಎಳೆದರೆ ಮೀನು ಬಂದು ಹೊಡೆಯುತ್ತದೆ ಅನ್ನುವುದನ್ನು ಕಣ್ಣಾರೆ ನೋಡಿದ ಮೇಲೆ ಬಿಡಲಾಗಲಿಲ್ಲ.

ಮೊದಲು ತರಿಸಿದ್ದು ಆನ್‌ಲೈನ್‌ನಲ್ಲಿ. ಒಂದು ತಾಣದಲ್ಲಿ 101 ತುಂಡಿನ ಸೆಟ್ಟು, ಬೆಲೆ 899 ರೂಪಾಯಿ. ಡಬ್ಬಿ ತೆಗೆದಾಗ ಮಗಳು ಒಡವೆ ಪೆಟ್ಟಿಗೆ ಅಂದುಕೊಂಡಳು, ಅಷ್ಟು ಬಣ್ಣ. ಮೀನಿನ ಆಕಾರದ ಪ್ಲಾಸ್ಟಿಕ್ಕು, ಹೊಟ್ಟೆಯಡಿ ಎರಡೆರಡು ಕಡೆ ಮೂರು ಕವಲಿನ ಗಾಳ. ನಮ್ಮೂರ ಕೆರೆಯಲ್ಲಿ ಏರಿಯ ಬುಡದಿಂದ ಇಪ್ಪತ್ತು ಅಡಿಯವರೆಗೆ ಜೊಂಡು, ಅದರಾಚೆ ತಾವರೆ. ಎಸೆದ ಮೊದಲ ಸಲವೇ ಸಿಕ್ಕಿಕೊಂಡಿತು. ಎಳೆದೆ, ದಾರ ಕಿತ್ತು ಬಂತು. ಒಂದು ತಿಂಗಳಲ್ಲಿ ಹದಿನಾರು ಕಳೆದೆ. ನನ್ನ ಕಣ್ಣಿಗೆ ಅದು ಬರೀ ದುಡ್ಡಿನ ಲೆಕ್ಕವಾಗಿತ್ತು. ಆಮೇಲೆ ಬೇಸಿಗೆಯಲ್ಲಿ ನೀರು ಇಳಿಯಿತು. ಪಕ್ಕದ ಮನೆಯ ಚಿಕ್ಕಮ್ಮನ ಎಮ್ಮೆ ಜೊಂಡು ಮೇಯುತ್ತಾ ಅದರಲ್ಲೊಂದನ್ನು ಬಾಯಿಗೆ ಹಾಕಿಕೊಂಡಿತು. ಕೆಳತುಟಿಯಲ್ಲಿ ಎರಡು ಮೊನೆ ಕಚ್ಚಿಕೊಂಡು, ಎಮ್ಮೆ ತಲೆ ಒದರಿದಷ್ಟೂ ಇನ್ನೂ ಒಳಕ್ಕೆ. ಪಶುವೈದ್ಯರು ಬಂದು, ಅರಿವಳಿಕೆ ಕೊಟ್ಟು, ಗಾಳವನ್ನು ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ ತೆಗೆದರು. ಆ ಪ್ಲೇಯರ್ ನನ್ನ ಅಂಗಡಿಯದು. ಚಿಕ್ಕಮ್ಮ ಒಂದು ಮಾತೂ ಅನ್ನಲಿಲ್ಲ. ಮೂರು ತಿಂಗಳು ಕೆರೆ ಕಡೆ ಹೋಗಲಿಲ್ಲ ನಾನು.

ಉಳಿದ ಲೂರ್‌ಗಳನ್ನು ಬಿಚ್ಚಿ ನೋಡಿದೆ. ತಂತಿ, ಉಕ್ಕು, ಬೆಸುಗೆ ದಿನಾ ಮುಟ್ಟುವ ಕೈ ನನ್ನದು. ಗಾಳವನ್ನು ಪ್ಲೇಯರ್‌ನಲ್ಲಿ ಹಿಡಿದು ಒಸಿ ಬಗ್ಗಿಸಿದರೆ ಒಳ್ಳೆಯ ಉಕ್ಕು ಸ್ಪ್ರಿಂಗಿನಂತೆ ವಾಪಸ್ಸು ಬರಬೇಕು. ಇದು ಬಗ್ಗಿದಲ್ಲೇ ನಿಂತಿತು. ಗಾಳ ಕೂರಿಸುವ ಸಣ್ಣ ರಿಂಗು ಉಗುರಲ್ಲೇ ಬಿಚ್ಚಿಕೊಂಡಿತು. ದೊಡ್ಡ ಕೊರವ ಬಿದ್ದಿದ್ದರೆ ಗಾಳ ನೆಟ್ಟಗಾಗಿ, ಮೀನು ಬಾಯಿ ಹರಿದುಕೊಂಡು ಹೋಗುತ್ತಿತ್ತು.

ಸಂತೇಪೇಟೆಗೆ ಹೋದದ್ದು ಇದಾದ ಮೇಲೆ. ಎಮ್ಮೆಯ ವಿಷಯ ನಾನಾಗಿಯೇ ಹೇಳಿದೆ. ಅಮ್ಮ ಒಂದು ಕ್ಷಣ ಸುಮ್ಮನಿದ್ದು, ಪೆಟ್ಟಿಗೆಯಿಂದ ಒಂದೇ ಒಂದು ಕಪ್ಪೆ ತೆಗೆದು ಟೇಬಲ್ ಮೇಲಿಟ್ಟರು. "ಜೊಂಡಿಗೆ ಇದೊಂದೇ ಕಣಪ್ಪ. ಇನ್ನ್ಯಾವುದನ್ನೂ ತಗೋಬ್ಯಾಡ."

ಆ ಕಪ್ಪೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮಂಡ್ಯ ಸೀಮೆಯ ಕೆರೆಗಳಲ್ಲಿ ಲೂರ್ ಹಿಡಿದು ನಿಲ್ಲುವವನಿಗೆ ಮುಕ್ಕಾಲು ಪಾಲು ಕೆಲಸ ಅದರದ್ದೇ. ಒಳಗೆ ಟೊಳ್ಳು, ಹೊರಗೆ ಮೆತ್ತನೆಯ ರಬ್ಬರು. ಹಿಂದುಗಡೆಯಿಂದ ಎರಡು ಗಾಳ, ಎರಡೂ ಮೇಲ್ಮುಖವಾಗಿ ಬೆನ್ನಿಗೆ ಒತ್ತಿಕೊಂಡಿರುತ್ತವೆ. ಜೊಂಡಿನ ಮೇಲೆ, ತಾವರೆ ಎಲೆಯ ಮೇಲೆ ಎಳೆದರೆ ಎಲ್ಲೂ ಸಿಕ್ಕುವುದಿಲ್ಲ, ಜಾರಿಕೊಂಡು ಬರುತ್ತದೆ. ಮೀನು ಬಾಯಿ ಹಾಕಿ ಅಮುಕಿದಾಗ ರಬ್ಬರು ಒಳಕ್ಕೆ ಕುಗ್ಗುತ್ತದೆ, ಆಗ ಮಾತ್ರ ಗಾಳದ ಮೊನೆ ಹೊರಗೆ ಬರುತ್ತದೆ. ಇಡೀ ಉಪಾಯ ಇರುವುದು ಆ ಕುಗ್ಗುವುದರಲ್ಲಿ. ಹಾಗಾಗಿ ಅಂಗಡಿಯಲ್ಲಿ ನಿಂತು ಬಣ್ಣ ನೋಡಬೇಡಿ, ಹೆಬ್ಬೆರಳಿನಿಂದ ಬೆನ್ನು ಒತ್ತಿ ನೋಡಿ. ಹಗುರವಾಗಿ ಒತ್ತಿದಾಗ ಎರಡೂ ಮೊನೆ ಕಾಣಬೇಕು, ಬಿಟ್ಟಾಗ ಉಬ್ಬಿ ಮೊದಲಿನಂತಾಗಬೇಕು. ಒತ್ತಲು ಬಲ ಬೇಕು ಅನ್ನಿಸಿದರೆ ಕೆಳಗಿಡಿ. ರಬ್ಬರು ಗಟ್ಟಿಯಿದ್ದರೆ ಮೀನು ಕಚ್ಚಿ, ಜಗಿದು, ಉಗಿದು ಹೋಗುತ್ತದೆ. ನಿಮಗೆ ನೀರು ಚಿಮ್ಮಿದ್ದು ಕಾಣುತ್ತದೆ ಅಷ್ಟೆ.

ನನಗೆ ಸಿಕ್ಕಿದ್ದು ಐದೂವರೆ ಸೆಂಟಿಮೀಟರ್ ಉದ್ದ, 12 ಗ್ರಾಂ ತೂಕದ ಕಪ್ಪೆ. 190 ರೂಪಾಯಿ. ಇದೇ ಅಳತೆಯದ್ದಕ್ಕೆ ಹೆಸರಾಂತ ಕಂಪನಿಯ ಕಪ್ಪೆ 600, 700 ರೂಪಾಯಿಗೂ ಇದೆ, ಒಂದೆರಡು ಅಮ್ಮನ ಪೆಟ್ಟಿಗೆಯಲ್ಲೇ ಇದ್ದವು. ಕೇಳಿದ್ದಕ್ಕೆ "ಅದು ಚೆನ್ನಾಗೈತೆ. ಆದ್ರೆ ಮೊದಲ ಮಳೆಗಾಲ ಕಳೀಲಿ, ಆಮೇಲ್ ಬಾ" ಅಂದರು. ತೂಕದ ವಿಷಯ ಮುಖ್ಯ. ಏರಿ ಮೇಲೆ ಸಂಜೆ ಗಾಳಿ ಎದುರಿಗೆ ಬೀಸುತ್ತದೆ. 7 ಗ್ರಾಂನ ಸಣ್ಣ ಕಪ್ಪೆ ಗಾಳಿಗೆ ತೇಲಿ ನಮ್ಮ ಕಾಲ ಬುಡದಲ್ಲೇ ಬೀಳುತ್ತದೆ. 12 ಗ್ರಾಂದು ತಾವರೆ ದಾಟಿ ತೆರವಿರುವ ಕಡೆಗೆ ಹೋಗುತ್ತದೆ.

ಬಣ್ಣದ ವಿಷಯಕ್ಕೆ ಜಗಳವೇ ನಡೆಯುತ್ತದೆ ನಮ್ಮ ಹುಡುಗರಲ್ಲಿ. ಹಸಿರು ಚುಕ್ಕೆಯ ಬೆನ್ನು, ಹಳದಿ ಗೆರೆ, ಕೆಂಪು ಕಣ್ಣು. ಕಪ್ಪೆ ತೇಲುತ್ತಿರುತ್ತದೆ, ಮೀನು ಕೆಳಗಿನಿಂದ ನೋಡುತ್ತದೆ, ಬೆನ್ನಿನ ಚಿತ್ತಾರ ನೋಡುವವರು ನಾವು ಮಾತ್ರ. ಹೊಟ್ಟೆಯ ಬಣ್ಣ ನೋಡಿ ಕೊಳ್ಳಿ. ನನ್ನ ಹತ್ತಿರ ಎರಡೇ ಇವೆ: ತಿಳಿನೀರಿಗೆ, ಹಗಲಿಗೆ ಬಿಳಿ ಹೊಟ್ಟೆಯದು. ಸಂಜೆಗೆ, ಕೆಂಪು ಕದಡಿದ ನೀರಿಗೆ ಪೂರ್ತಿ ಕಪ್ಪು. ಮಬ್ಬು ಬೆಳಕಿನಲ್ಲಿ ಆಕಾಶದ ಎದುರು ಕಪ್ಪು ಆಕಾರವೇ ಹೆಚ್ಚು ಎದ್ದು ಕಾಣುವುದು. ಕಪ್ಪಿನದರಲ್ಲಿ ನನಗೆ ಬಿದ್ದ ಮೀನು ಬಿಳಿಯದಕ್ಕಿಂತ ಜಾಸ್ತಿ. ನಾನು ಹೋಗುವುದು ಹೆಚ್ಚಾಗಿ ಸಂಜೆ ಐದರ ಮೇಲೆ, ಅದೂ ಒಂದು ಕಾರಣ ಇರಬಹುದು.

ಎಳೆಯುವ ಕ್ರಮವನ್ನೂ ಅಮ್ಮನೇ ಹೇಳಿಕೊಟ್ಟರು, ಅಂಗಡಿಯ ಸಿಮೆಂಟು ನೆಲದ ಮೇಲೆ, ಒಂದು ಗಜ ದಾರ ಕಟ್ಟಿ. ಎರಡು ಸಣ್ಣ ಜಗ್ಗು, ನಿಲ್ಲಿಸು. ಮತ್ತೆ ಎರಡು ಜಗ್ಗು, ತಾವರೆ ಎಲೆಯ ಅಂಚಿಗೆ ಬಂದಾಗ ಇನ್ನೂ ಹೆಚ್ಚು ಹೊತ್ತು ನಿಲ್ಲಿಸು. "ಬಡುದ್ ತಕ್ಷಣ ಎಳೀಬ್ಯಾಡ ಮಗ. 'ಗಂಗಮ್ಮ ತಾಯಿ' ಅಂತ ಪೂರ್ತಿ ಅನ್ನು. ಆಮೇಲ್ ಎಳಿ." ಕೊರವ ಕಪ್ಪೆಯನ್ನು ಬಾಯಿಗೆ ಹಾಕಿಕೊಂಡು ತಿರುಗಿ ಕೆಳಕ್ಕೆ ಹೋಗಲು ಅಷ್ಟು ಹೊತ್ತು ಬೇಕು. ನೀರು ಡುಬ್ಬೆಂದು ಒಡೆದಾಗ ಎದೆ ಹೊಡೆದುಕೊಳ್ಳುತ್ತದೆ, ಕೈ ತಾನಾಗಿಯೇ ಎಳೆದುಬಿಡುತ್ತದೆ. ನನ್ನ ಮೊದಲ ಆರು ಮೀನು ಹೀಗೇ ಹೋದವು. ಏಳನೆಯದಕ್ಕೆ ಬಾಯಿಬಿಟ್ಟೇ ಅಂದೆ ಗಂಗಮ್ಮ ತಾಯಿ ಅಂತ. ದಾರ ಬಿಗಿಯಾಯಿತು. ಒಂದೂವರೆ ಕೆಜಿ ಕೊರವ, ಬೆನ್ನು ಕಪ್ಪು, ಹೊಟ್ಟೆ ಬೆಣ್ಣೆ ಬಿಳಿ. ಆ ಬಲ ಮಾತ್ರ ಇವತ್ತಿಗೂ ಕೈಯಲ್ಲಿದೆ.

ಕಪ್ಪೆಗೆ ಒಂದು ದೋಷವಿದೆ. ಗಾಳ ಹೊರಬರುವ ಸಂದಿಯಲ್ಲಿ ನೀರು ನುಗ್ಗುತ್ತದೆ. ನಾಲ್ಕೈದು ಸಲ ಎಸೆದ ಮೇಲೆ ಹಿಂಡಬೇಕು, ಇಲ್ಲದಿದ್ದರೆ ಹಿಂಭಾಗ ಮುಳುಗಿ ಎಳೆತ ಕೆಡುತ್ತದೆ. ಮೋಟಾರ್‌ಗೆ ಹಚ್ಚುವ ವಾರ್ನಿಷ್ ಹಚ್ಚಿ ಸಂದಿ ಮುಚ್ಚಲು ನೋಡಿದೆ. ರಬ್ಬರು ಅಂಟಂಟಾಗಿ ಹಾಳಾಯಿತು, ಯಾರೂ ಹಾಗೆ ಮಾಡಬೇಡಿ. ಹಿಂಡುವುದೇ ಸರಿ. ಹಿಂದೆ ಜೋತಾಡುವ ರಬ್ಬರ್ ಎಳೆಗಳಿವೆಯಲ್ಲ, ಕಾಲಿನಂತೆ, ಅವು ಉದ್ದವಿದ್ದರೆ ಮೀನು ಅದನ್ನಷ್ಟೇ ಕಚ್ಚಿ ಬಿಡುತ್ತದೆ. ಮುಕ್ಕಾಲು ಇಂಚು ಕತ್ತರಿಸಿ. ಒಂದು ಕಡೆ ಸ್ವಲ್ಪ ಜಾಸ್ತಿ ಕತ್ತರಿಸಿದರೆ ಕಪ್ಪೆ ತಲೆ ಅತ್ತಿತ್ತ ಆಡಿಸುತ್ತಾ ಬರುತ್ತದೆ.

ಈ ಅಂಗಡಿಯನ್ನು ನಾನು ಇಷ್ಟು ಮೆಚ್ಚಿಕೊಳ್ಳಲು ಒಂದು ಕಾರಣ ಗಾಳದ ಒಳಮುಳ್ಳು. ಮೊನೆಯ ಹಿಂದೆ ಹಿಮ್ಮುಖವಾಗಿ ಇರುವ ಆ ಚಿಕ್ಕ ಮುಳ್ಳನ್ನು, ಕೇಳಿದರೆ, ಅಮ್ಮ ಅಲ್ಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಡುತ್ತಾರೆ. ದುಡ್ಡು ತಗೊಳ್ಳುವುದಿಲ್ಲ. ಮೂರು ಕವಲಿನ ಗಾಳ ಬೇಡ ಅಂದರೆ ತೆಗೆದು ಒಂಟಿ ಗಾಳ ಹಾಕಿಕೊಡುತ್ತಾರೆ, ಅದಕ್ಕೆ 15 ರೂಪಾಯಿ. ಒಳಮುಳ್ಳಿಲ್ಲದಿದ್ದರೆ ಮೀನು ತಪ್ಪಿಸಿಕೊಳ್ಳುತ್ತದೆ ಅನ್ನುತ್ತಾರೆ ನಮ್ಮ ಹುಡುಗರು. ದಾರ ಸಡಿಲ ಬಿಡದಿದ್ದರೆ ತಪ್ಪಿಸಿಕೊಳ್ಳುವುದಿಲ್ಲ, ನಾನೇ ಲೆಕ್ಕ ಇಟ್ಟಿದ್ದೇನೆ: ಹೋದ ವರ್ಷ ಬಿದ್ದ 31ರಲ್ಲಿ ಹೋದದ್ದು ನಾಲ್ಕು. ವಾಪಸ್ಸು ಬಿಡಬೇಕಾದ ಮೀನಿನ ಬಾಯಿಂದ ಎರಡು ಬೆರಳಲ್ಲಿ ಗಾಳ ಕಳಚಿ ಬರುತ್ತದೆ. ಮಗಳ ಬೆರಳಿಗೆ ಒಮ್ಮೆ ಚುಚ್ಚಿದಾಗಲೂ ಹಾಗೆಯೇ ಬಂತು. ಎಮ್ಮೆಯ ತುಟಿಯಲ್ಲಿ ಇದೇ ಗಾಳ ಇದ್ದಿದ್ದರೆ ಅನ್ನುವ ಯೋಚನೆ ಆಗ ಬರದೇ ಇರಲಿಲ್ಲ.

ಮರಿ ಮೇಯಿಸುವ ಕಾಲದಲ್ಲಿ ಕೊರವದ ಕಪ್ಪೆ ಅಮ್ಮನ ಹತ್ತಿರ ಸಿಗುವುದಿಲ್ಲ. ಮಳೆ ಹಿಡಿದ ಮೇಲೆ ಕೊರವ ಜೋಡಿಯಾಗಿ ಗೂಡು ಮಾಡಿ ಮೊಟ್ಟೆ ಇಡುತ್ತದೆ. ಮರಿಗಳು ಕಿತ್ತಳೆ ಕೆಂಪು ಬಣ್ಣ, ನೂರಾರು ಒಟ್ಟಿಗೆ. ಈ ಜಾತಿಗೆ ಮೇಲೆ ಬಂದು ಗಾಳಿ ಕುಡಿಯಬೇಕು, ಹಾಗಾಗಿ ಮರಿಗಳ ಗುಂಪು ಎದ್ದಾಗಲೆಲ್ಲ ನೀರಿನ ಮೇಲೆ ಹನಿಮಳೆ ಬಿದ್ದಂತೆ ಕಾಣುತ್ತದೆ. ಕೆಳಗೆ ತಂದೆ ತಾಯಿ ಕಾವಲು. ಆ ಗುಂಪಿನ ಮೇಲೆ ಏನು ಎಸೆದರೂ ಅವು ಹೊಡೆಯುತ್ತವೆ, ಹಸಿವಿಗಲ್ಲ, ಮರಿ ಉಳಿಸಿಕೊಳ್ಳಲು. ಆಗ ಹಿಡಿಯುವುದು ಬಹಳ ಸುಲಭ. ದೊಡ್ಡದು ಹೋದರೆ ಮರಿಗಳನ್ನು ಬೇರೆ ಮೀನುಗಳು ಮುಗಿಸುತ್ತವೆ. "ಮರಿ ಮೇಲೆ ಹಾಕೋರಿಗೆ ನಾನ್ ಕೊಡಲ್ಲ" ಅಂತ ಒಬ್ಬರಿಗೆ ಮುಖಕ್ಕೆ ಹೇಳಿದ್ದನ್ನು ಕೇಳಿದ್ದೇನೆ. ಆತ ಬೇರೆ ಅಂಗಡಿಗೆ ಹೋಗಿ ತಗೊಂಡಿರುತ್ತಾನೆ. ಅಮ್ಮನ 190 ರೂಪಾಯಿ ವ್ಯಾಪಾರ ಹೋಯಿತು, ಅವರಿಗೆ ಅದರ ಚಿಂತೆ ಇದ್ದ ಹಾಗೆ ಕಾಣಲಿಲ್ಲ.

ಇನ್ನೊಂದು ಸಲ ಕಾಲೇಜು ಹುಡುಗನೊಬ್ಬ ಬಂದ. ಕಾಟ್ಲಕ್ಕೆ ಯಾವ ಲೂರ್ ಅಂತ ಕೇಳಿದ, ಕೈಯಲ್ಲಿ 500ರ ನೋಟು. "ಕಾಟ್ಲಕ್ಕೆ ಕಪ್ಪೆ ಯಾಕ್ ಮಗ? ಮನೆಗ್ ಹೋಗಿ ಹಿಟ್ ಕಲಸ್ಕೋ" ಅಂದು, ಹತ್ತು ರೂಪಾಯಿಯ ಗಾಳ, ಒಂದು ಬೆಂಡು ಕೊಟ್ಟು ಕಳಿಸಿದರು. ಲೂರ್ ಕೊಳ್ಳುವವರು ತಿಳಿಯಬೇಕಾದ ಮೊದಲ ವಿಷಯ ಇದು, ಎಷ್ಟೋ ಜನಕ್ಕೆ ಗೊತ್ತಿಲ್ಲ. ನಮ್ಮ ಕೆರೆಗಳಿಗೆ ಬಿತ್ತನೆ ಬಿಡುವುದು ಹೆಚ್ಚಾಗಿ ಕಾಟ್ಲ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಕಾಟ್ಲ ಮೇಲಿನ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಮೀನು, ರೋಹು ನಡುನೀರಿನದು, ಮೃಗಾಲ್ ತಳ ಕೆದಕುವುದು. ಇವು ಇನ್ನೊಂದು ಮೀನನ್ನೋ ಕಪ್ಪೆಯನ್ನೋ ಅಟ್ಟಿಸಿಕೊಂಡು ಹೋಗುವ ಜಾತಿಗಳಲ್ಲ. 101 ಲೂರ್ ಎಸೆದರೂ ಅಷ್ಟೆ. ಲೂರ್‌ಗೆ ಬರುವುದು ಬೇಟೆಯಾಡುವ ಮೀನು: ನಮ್ಮ ಕಡೆ ಕೊರವ, ಬಾಳೆ ಮೀನು, ಕೋಪ ಬಂದಾಗ ಜಿಲೇಬಿ. ಹಾಗೇ ಕೆರೆ ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆ ಹಿಡಿದವರನ್ನು ಕೇಳಿಯೇ ನೀರಿಗಿಳಿಯಿರಿ. ನಾನು ಕೇಳಿದಾಗ ಕೊರವ ತಾನೇ, ಹಿಡಕೊಳ್ಳಿ, ನಮ್ಮ ಮರಿಗಳನ್ನು ತಿನ್ನುವ ಮೀನು ಅದು ಅಂದರು.

ನಾಲೆಗೆ ಬೇರೆ ಲೆಕ್ಕ. ವಿಶ್ವೇಶ್ವರಯ್ಯ ನಾಲೆ, ನಮ್ಮ ತಾತ ಇರುವವರೆಗೆ ಇರ್ವಿನ್ ನಾಲೆ ಅಂತಲೇ ಕರೆಯುತ್ತಿದ್ದರು, ನೀರು ಬಿಟ್ಟಾಗ ಬಿರುಸಾಗಿ ಹರಿಯುತ್ತದೆ. ಅಲ್ಲಿ ಜೊಂಡಿಲ್ಲ, ಕಪ್ಪೆಗೆ ಕೆಲಸವಿಲ್ಲ. ತಿರುಗುವ ಎಲೆಯ ಸ್ಪಿನ್ನರ್ ಬೇಕು. ಒಂದು ಕಡ್ಡಿ, ಅದರ ಸುತ್ತ ಗಿರಗಿರ ತಿರುಗುವ ಹಿತ್ತಾಳೆ ಎಲೆ, ತುದಿಯಲ್ಲಿ ಗಾಳ. ಮೀನಿಗೆ ಅದರ ಹೊಳಪಿಗಿಂತ ನೀರಿನಲ್ಲಿ ಎಬ್ಬಿಸುವ ಕಂಪನ ಮೊದಲು ತಲುಪುತ್ತದೆ, ಕದಡಿದ ನೀರಿನಲ್ಲೂ ಕೆಲಸ ಮಾಡುವುದು ಅದಕ್ಕೇ. 1938ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಮೆಪ್ಸ್ ಕಂಪನಿಯದು ಎರಡು ಅಮ್ಮನ ಹತ್ತಿರ ಇತ್ತು, 2ನೇ ನಂಬರು, ಸುಮಾರು ನಾಲ್ಕೂವರೆ ಗ್ರಾಂ. 420 ರೂಪಾಯಿ ಕೊಟ್ಟು ಒಂದು ತಗೊಂಡೆ. ಬೆಲೆ ಜಾಸ್ತಿ, ಆದರೆ ಎಷ್ಟು ನಿಧಾನವಾಗಿ ಎಳೆದರೂ ಎಲೆ ತಿರುಗುತ್ತದೆ. ಅಗ್ಗದ ಸ್ಪಿನ್ನರ್‌ಗಳಲ್ಲಿ ಕೆಡುವುದು ಇಲ್ಲೇ: ಎಲೆ ಕೂರಿಸುವ ಕೊಂಡಿ ಒರಟಾಗಿದ್ದು, ಜೋರಾಗಿ ಎಳೆದರೆ ಮಾತ್ರ ತಿರುಗುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು, ಮೇಲಿನ ಕಡ್ಡಿ ಹಿಡಿದು ಬಾಯಿಂದ ಮೆಲ್ಲಗೆ ಊದಿ. ಒಂದು ಉಸಿರಿಗೆ ತಿರುಗಬೇಕು. ಬೇರಿಂಗ್ ಹೋದ ಮೋಟಾರು, ಒರಟು ಕೊಂಡಿಯ ಸ್ಪಿನ್ನರು ಎರಡೂ ನನ್ನ ಕೈಗೆ ಒಂದೇ ತರ.

ಎಲೆಯ ಆಕಾರ ನೋಡಿ ಕೊಳ್ಳುವುದನ್ನು ನಾನು ತಡವಾಗಿ ಕಲಿತೆ. ಅಗಲ ಎಲೆ ನೀರನ್ನು ಜಾಸ್ತಿ ತಳ್ಳುತ್ತದೆ, ಮೇಲೇ ತೇಲಿ ಬರುತ್ತದೆ. ನಾಲೆ ನಿಲ್ಲಿಸಿದ ಮೇಲೆ ಅಲ್ಲಲ್ಲಿ ಗುಂಡಿಗಳಲ್ಲಿ ಉಳಿಯುವ ನಿಂತ ನೀರಿಗೆ ಅದು ಹೇಳಿ ಮಾಡಿಸಿದ್ದು. ಉದ್ದನೆಯ ಕಿರಿದಾದ ಎಲೆ ಹರಿವನ್ನು ಸೀಳಿಕೊಂಡು ಕೆಳಗೆ ಇಳಿಯುತ್ತದೆ, ನೀರು ಬಿಟ್ಟಾಗ ಅದು. ನಾನು ಮೊದಲು ಅಗಲ ಎಲೆಯದನ್ನೇ ತುಂಬು ನಾಲೆಗೆ ಹಾಕಿ ಎರಡು ಸಂಜೆ ಕಳೆದೆ, ನೀರಿನ ಮೇಲೆ ಅಡ್ಡಾದಿಡ್ಡಿ ಕುಣಿಯುತ್ತಿತ್ತು. ಯಾವ ಸ್ಪಿನ್ನರ್ ಹಾಕಿದರೂ ಮುಂದೆ ಒಂದು ಸ್ವಿವೆಲ್, ಅಂದರೆ ತಾನೇ ತಿರುಗುವ ಸಣ್ಣ ಕೊಂಡಿ, ಕಟ್ಟಿ, ಇಲ್ಲದಿದ್ದರೆ ದಾರವೆಲ್ಲ ಹುರಿಯಾಗಿ ಗಂಟು ಬೀಳುತ್ತದೆ. ಸ್ವಿವೆಲ್ ಅಮ್ಮನ ಹತ್ತಿರ ಐದು ರೂಪಾಯಿ. ನಾಲೆ ಪಕ್ಕದ ಸಿಮೆಂಟು ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ, ತುಂಬಿ ಹರಿಯುವಾಗ ಅದರ ಮೇಲೆ ಇಳಿಯಲೇಬೇಡಿ, ಸೇತುವೆ ಹತ್ತಿರದ ದಡದಿಂದ ಎಸೆಯಿರಿ.

ತಿಳಿನೀರಿಗೆ ನನ್ನ ಹತ್ತಿರ ಇರುವುದು ಒಂದೇ, ಅದು ಅಮ್ಮನ ಅಂಗಡಿಯದಲ್ಲ. ಬೆಂಗಳೂರಿನ ಭಾವಮೈದ ಕೊಟ್ಟ ರಪಾಲ. ಫಿನ್‌ಲ್ಯಾಂಡಿನ ಲೌರಿ ರಪಾಲ ಅನ್ನುವ ಮೀನುಗಾರ 1936ರಲ್ಲಿ ಬೆಂಡಿನ ತುಂಡನ್ನು ಚಮ್ಮಾರರ ಚೂರಿಯಿಂದ ಕೆತ್ತಿ, ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ, ಫೋಟೋ ನೆಗೆಟಿವ್ ಕರಗಿಸಿ ಮೇಲೆ ಬಳಿದು ಮಾಡಿದ್ದು ಇದರ ಮೂಲ. ನಿಂತಾಗ ತೇಲುತ್ತದೆ, ಎಳೆದಾಗ ಮೂತಿಯಡಿಯ ಚಿಕ್ಕ ತಗಡು ನೀರು ಒತ್ತಿ ಮುಳುಗಿಸುತ್ತದೆ, ಗಾಯಗೊಂಡ ಮೀನಿನ ಹಾಗೆ ಓಲಾಡುತ್ತದೆ. ಕೈಕೆಲಸ ಮಾಡುವವನಿಗೆ ಇಂಥ ವಸ್ತು ನೋಡುವುದೇ ಒಂದು ಸಂತೋಷ. ಅಮ್ಮನಿಗೆ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ "ಬೆಂಡಲ್ ಮಾಡಿದ್ನಾ ಅವ್ನು?" ಅಂದು, ಮೂರು ಕವಲಿನ ಗಾಳ ಎರಡನ್ನೂ ತೆಗೆದು ಒಂಟಿ ಗಾಳ ಹಾಕಿಕೊಟ್ಟರು. ಎರಡೂ ಸೇರಿ 30 ರೂಪಾಯಿ ತಗೊಂಡರು. ಒಂಟಿ ಗಾಳಕ್ಕೆ ತೂಕ ಕಮ್ಮಿಯಾಗಿ ಓಲಾಟ ಸ್ವಲ್ಪ ಬದಲಾಯಿತು, ಕೆಡಲಿಲ್ಲ. ಕನ್ನಂಬಾಡಿ ಹಿನ್ನೀರಿನ ಕಡೆ ಸಂಬಂಧಿಕರ ಊರಿಗೆ ಹೋದಾಗ ಅದರಲ್ಲಿ ಒಂದು ಬಾಳೆ ಮೀನು ಬಿತ್ತು, ಸಾಯಂಕಾಲ ಬೆಳಕು ಹೋಗುವ ಹೊತ್ತಿಗೆ. ಬಾಳೆಗೆ ಹಲ್ಲಿದೆ, ಅದಕ್ಕೆ ಹೋಗುವವರು ದಾರದ ತುದಿಗೆ ಗೇಣುದ್ದ ಉಕ್ಕಿನ ತಂತಿ ಕಟ್ಟಿಕೊಳ್ಳಬೇಕು.

ಮೆತ್ತನೆಯ ರಬ್ಬರ್ ಹುಳು, ರಬ್ಬರ್ ಮರಿಮೀನುಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ನಮ್ಮ ನೀರಿಗೆ ನನಗೆ ಹಿಡಿಸಲಿಲ್ಲ, ಸಣ್ಣ ಮೀನು ಬಾಲ ಕತ್ತರಿಸಿಬಿಡುತ್ತದೆ. ಅವನ್ನು ಗಟ್ಟಿ ಪ್ಲಾಸ್ಟಿಕ್ ಲೂರ್‌ಗಳ ಜೊತೆ ಒಂದೇ ಡಬ್ಬಿಯಲ್ಲಿ ಮಾತ್ರ ಇಡಬೇಡಿ, ಒಂದಕ್ಕೊಂದು ತಾಗಿ ಕರಗಿ ಅಂಟಿಕೊಳ್ಳುತ್ತವೆ. ನನ್ನ ಎರಡು ಹೋದವು.

ಹೊಳೆಯ ವಿಷಯಕ್ಕೆ ಬಂದರೆ ಅಮ್ಮ ಗಡುಸು. ಗಾಜಿನ ಪೆಟ್ಟಿಗೆಯ ಮೇಲೆ ಕೈಬರಹದ ಚೀಟಿ ಅಂಟಿಸಿದ್ದಾರೆ: "ಪಕ್ಷಿಧಾಮಕ್ಕೆ, ಕಾಡಿನ ಹೊಳೆಗೆ ಇಲ್ಲಿ ಸಾಮಾನು ಕೊಡುವುದಿಲ್ಲ." ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ಗಾಳ ಹಾಕುವಂತಿಲ್ಲ, ಬಂಡೆ ಮೇಲೆ ಮೊಸಳೆ ಬೇರೆ. ಮುತ್ತತ್ತಿ, ಭೀಮೇಶ್ವರಿ ಕಡೆಯದು 1987ರಲ್ಲಿ ಆದ ಕಾವೇರಿ ವನ್ಯಜೀವಿಧಾಮ. ಅಲ್ಲಿನ ಬಿಳಿ ಮೀನಿಗೆ ಅಂತ ದೊಡ್ಡ ಚಮಚದ ಲೂರ್ ಕೇಳಿಕೊಂಡು ಬಂದ ಇಬ್ಬರನ್ನು ನನ್ನೆದುರಿಗೇ ಬರಿಗೈಯಲ್ಲಿ ಕಳಿಸಿದರು. ಬಿಳಿ ಮೀನು ಅಂದರೆ ಡುಬ್ಬದ ಮಹಶೀರ್. ಸತ್ತ ಪ್ರಾಣಿಗಳ ಚರ್ಮಕ್ಕೆ ಜೀವಕಳೆ ಕೊಡುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ನಮ್ಮ ಕಾವೇರಿ ಬಳಗದ ಹೊಳೆಯಲ್ಲಿ 120 ಪೌಂಡಿನದು ಹಿಡಿದಿದ್ದರು, 54 ಕೆಜಿ ಆಯಿತು ಅದು. ಭೀಮೇಶ್ವರಿಯಲ್ಲಿ ಮೀನು ಹಿಡಿಯುವವರ ಕ್ಯಾಂಪುಗಳು ನಡೆಯುತ್ತಿದ್ದಾಗ ಈ ಮೀನಿಗೆ ಹಾಕುತ್ತಿದ್ದದ್ದು ನಮ್ಮ ರಾಗಿ ಹಿಟ್ಟಿನ ಉಂಡೆಯನ್ನೇ. ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಗಿದ್ದೇ 2018ರಲ್ಲಿ, ಟಾರ್ ರೆಮಾದೇವಿ ಅಂತ. ಅಷ್ಟರಲ್ಲಿ ಅದು ಅಳಿವಿನ ತೀರಾ ಅಂಚಿಗೆ ಬಂದಿತ್ತು. ಅಮ್ಮ ಇದನ್ನೆಲ್ಲ ಹೇಳಲಿಲ್ಲ. "ಅದ್ರ ತಂಟೆಗ್ ಹೋಗ್ಬ್ಯಾಡಿ" ಅಂದರು, ಅಷ್ಟೆ.

ಅಂಗಡಿಯಲ್ಲಿ ಕೊರತೆಗಳಿವೆ, ಹೇಳಲೇಬೇಕು. ದಾರ ಅಲ್ಲಿ ತಗೋಬೇಡಿ. ತಂಗೂಸಿ ಚೆನ್ನಾಗಿದೆ, ಬೆಂಡು ಗಾಳಕ್ಕೆ ಸಾಕು. ಆದರೆ ಜೊಂಡಿನಿಂದ ಕೊರವ ಎಳೆಯಲು ಹೆಣೆದ ದಾರ ಬೇಕು, ಕನಿಷ್ಠ 30 ಪೌಂಡು ಎಳೆತ ತಡೆಯುವುದು. ಅಮ್ಮನ ಹತ್ತಿರ ಇರುವ ಹೆಣೆದ ದಾರದ ಬಣ್ಣ ಎರಡನೇ ದಿನಕ್ಕೆ ಬಿಟ್ಟು, ಗಂಟಿನ ಹತ್ತಿರ ಎಳೆ ಎಳೆಯಾಯಿತು. ಹೋಗಿ ಹೇಳಿದೆ. ದುಡ್ಡು ವಾಪಸ್ಸು ಕೊಟ್ಟರು, ದಾರ ಮಾತ್ರ ಇನ್ನೂ ಅದೇ ಕಂಪನಿಯದನ್ನೇ ತರಿಸುತ್ತಿದ್ದಾರೆ. ಸರಕು ಯಾವಾಗ ಇರುತ್ತದೆ ಯಾವಾಗ ಇರುವುದಿಲ್ಲ ಹೇಳಲಾಗುವುದಿಲ್ಲ, ಕಪ್ಪು ಕಪ್ಪೆಗೆ ನಾನು ಮೂರು ಸಲ ಹೋಗಿ ಬಂದಿದ್ದೇನೆ. ಫೋನಲ್ಲಿ ಕೇಳಿದರೆ "ಬಂದ್ ನೋಡಪ್ಪ" ಅನ್ನುತ್ತಾರೆ. ಮಧ್ಯಾಹ್ನ ಒಂದರಿಂದ ಮೂರೂವರೆವರೆಗೆ ಬಾಗಿಲು ಹಾಕಿರುತ್ತದೆ, ಮಂಗಳವಾರ ಪೂರ್ತಿ ರಜೆ. ಅವಸರದವರಿಗೆ ಇನ್ನೊಂದು ಕಷ್ಟ: ನಿಮ್ಮ ಮುಂದೆ ಇಬ್ಬರಿದ್ದರೆ ಮುಕ್ಕಾಲು ಗಂಟೆ, ಯಾಕೆಂದರೆ ಆ ಇಬ್ಬರ ನೀರಿನ ಕಥೆಯೂ ಪೂರ್ತಿ ಆಗಬೇಕು. ನಾನು ಪಾಂಡವಪುರ ಸ್ಟೇಷನ್‌ನಲ್ಲಿ ಬೆಳಗಿನ ರೈಲು ಹಿಡಿದು, ಅಂಗಡಿ ತೆಗೆಯುವ ಹತ್ತು ಗಂಟೆಗೆ ಅಲ್ಲಿರುವ ಹಾಗೆ ಹೋಗುತ್ತೇನೆ.

ಹೊಸಬರು ಎಷ್ಟು ದುಡ್ಡು ಇಟ್ಟುಕೊಂಡು ಹೋಗಬೇಕು ಅಂತ ಕೇಳುತ್ತಾರೆ. ಜೊಂಡಿನ ಕೆರೆಯವರಾದರೆ ಬಿಳಿ ಹೊಟ್ಟೆಯದೊಂದು, ಕಪ್ಪಿನದೊಂದು, 380 ರೂಪಾಯಿ. ನಾಲೆಯವರಾದರೆ ಒಂದು ಸ್ಪಿನ್ನರ್, ನಾಲ್ಕು ಸ್ವಿವೆಲ್. ಇಷ್ಟರಲ್ಲಿ ಒಂದು ವರ್ಷ ಕಳೆಯಿರಿ. ಮೂರನೆಯ ಕಪ್ಪೆ ಕೇಳಿದರೆ ಅಮ್ಮ ಮೊದಲೆರಡು ಎಲ್ಲಿ ಹೋದವು ಅಂತ ಕೇಳುತ್ತಾರೆ, ಉತ್ತರ ಇಟ್ಟುಕೊಂಡಿರಿ.

ಹೋದ ತಿಂಗಳು ಕಪ್ಪೆಯ ಹರಿದ ರಬ್ಬರ್ ಕಾಲುಗಳನ್ನು ಬದಲಿಸಿ, ಹೊಸ ಎಳೆಗಳನ್ನು ವೈಂಡಿಂಗ್‌ನ ಸಣ್ಣ ತಾಮ್ರದ ತಂತಿಯಿಂದ ಸುತ್ತಿ ಕಟ್ಟಿದ್ದೆ. ಬಿಗಿಯಾಗಿ ಹನ್ನೆರಡು ಸುತ್ತು, ತುದಿ ಒಳಕ್ಕೆ ಮಡಚಿ. ಅಮ್ಮ ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು, ಎಳೆದು ನೋಡಿದರು. ಬಿಚ್ಚಲಿಲ್ಲ. ಗಲ್ಲಾಪೆಟ್ಟಿಗೆ ಕೆಳಗಿನಿಂದ ಒಂದು ಹಳೆ ಬಿಸ್ಕತ್ತಿನ ಡಬ್ಬಿ ತೆಗೆದು ನನ್ನ ಕಡೆ ತಳ್ಳಿದರು. ಒಳಗೆ ಕಾಲು ಹರಿದ ಕಪ್ಪೆಗಳು, ಹಳೆ ಗಿರಾಕಿಗಳು ರಿಪೇರಿಗೆ ಕೊಟ್ಟು ಹೋದವು, ಇಪ್ಪತ್ತಾದರೂ ಇದ್ದವು. "ಒಂದಕ್ಕೆ ಏಟ್ ತಗೋತೀಯ?" ಅಂದರು. ಇಪ್ಪತ್ತು ರೂಪಾಯಿ ಅಂದೆ. ಹದಿನೈದಕ್ಕೆ ಒಪ್ಪಿದ್ದೇವೆ. ಹದಿಮೂರು ಮುಗಿದಿವೆ, ಉಳಿದವನ್ನು ಗುರುವಾರದ ರೈಲಿಗೆ ಒಯ್ಯಬೇಕು.